ಟೋಲ್‌ಗೇಟಿನ ಆಚೆ

ಮೈಸೂರು ಅಂದರೆ ಅರಮನೆ, ಹುಬ್ಬಳ್ಳಿ ಅಂದರೆ ದುರ್ಗದಬೈಲು, ದಾವಣಗೆರೆ ಅಂದರೆ ಮಂಡಿಪೇಟೆ, ಬೆಂಗಳೂರು ಅಂದರೆ ಮೆಜೆಸ್ಟಿಕ್ಕು. ಊರನ್ನು ಹೀಗೆ ನಡುಮಧ್ಯದಿಂದ ಗುರುತು ಹಿಡಿಯುವುದು ನೋಡಲು ಬಂದವರ ಅಭ್ಯಾಸ. ಇರಲು ಬಂದವರಿಗೆ ಆ ಜಾಗಗಳು ತಿಂಗಳಿಗೊಮ್ಮೆ ಹೋಗಿ ಮುಗಿಸಿಕೊಂಡು ಬರುವ ಕೆಲಸ, ಅಷ್ಟೇ. ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನ ಪಡುವಣ ಬಡಾವಣೆಗಳಲ್ಲಿ. ಆಮೇಲೆ ಬ್ಯಾಂಕಿನ ವರ್ಗಾವಣೆಗಳು ದಾವಣಗೆರೆ, ಹುಬ್ಬಳ್ಳಿ, ಮೈಸೂರು ಸುತ್ತಿಸಿದವು. ಎಲ್ಲ ಕಡೆಯೂ ನಮ್ಮ ಸಂಬಳಕ್ಕೆ ಒಗ್ಗುವ ಬಾಡಿಗೆ ಮನೆ ಸಿಕ್ಕಿದ್ದು ಪೇಟೆಯಿಂದ ದೂರದಲ್ಲೇ. ಹಾಗಾಗಿ ಈ ಊರುಗಳ ಮುಂಬಾಗಿಲಿಗಿಂತ ಹಿತ್ತಲು ನನಗೆ ಚೆನ್ನಾಗಿ ಗೊತ್ತು.

ಮಾಗಡಿ ರಸ್ತೆಯಲ್ಲಿ ಈಗಲೂ ಟೋಲ್‌ಗೇಟ್ ಎಂಬ ಬಸ್ ನಿಲ್ದಾಣ ಇದೆ. ಗೇಟೂ ಇಲ್ಲ, ಸುಂಕದವರೂ ಇಲ್ಲ. ಒಂದು ಕಾಲಕ್ಕೆ ಊರು ಅಲ್ಲಿಗೆ ಮುಗಿಯುತ್ತಿತ್ತು ಅನ್ನುವುದಕ್ಕೆ ಉಳಿದ ಸಾಕ್ಷಿ ಆ ಹೆಸರೊಂದೇ. ಈಗ ಅಲ್ಲಿಂದ ಪಶ್ಚಿಮಕ್ಕೆ ಹೊರಟರೆ ಕಾಮಾಕ್ಷಿಪಾಳ್ಯ, ಸುಮನಹಳ್ಳಿ, ಸುಂಕದಕಟ್ಟೆ ದಾಟಿದರೂ ಮನೆಗಳ ಸಾಲು ಕಡಿಯುವುದಿಲ್ಲ.

ಮಲ್ಲೇಶ್ವರ ಹುಟ್ಟಿದ್ದು ಪ್ಲೇಗಿನಿಂದ. 1898ರಲ್ಲಿ ಪೇಟೆಯ ಇಕ್ಕಟ್ಟಿಗೆ ಹೆದರಿದವರಿಗಾಗಿ ಅಳತೆ ಹಿಡಿದು ಹಾಕಿದ ಬಡಾವಣೆ ಅದು. ಬಸವನಗುಡಿಯ ಕಥೆಯೂ ಅದೇ. ರೈಲು ಹಳಿ ದಾಟಿ ಈಚೆ ಬಂದರೆ ರಾಜಾಜಿನಗರ. ಇದು ಹುಟ್ಟಿದ್ದು ಅರ್ಧ ಶತಮಾನ ತಡವಾಗಿ, ಸ್ವಾತಂತ್ರ್ಯ ಬಂದ ಹೊಸತರಲ್ಲಿ, ಕಾರ್ಖಾನೆಗಳಿಗಾಗಿ ಮತ್ತು ಕಾರ್ಖಾನೆಯವರಿಗಾಗಿ. ಆ ಹೊತ್ತಿನಲ್ಲಿ ಗವರ್ನರ್ ಜನರಲ್ ಆಗಿದ್ದ ರಾಜಗೋಪಾಲಾಚಾರಿಯವರ ಹೆಸರಿಟ್ಟರು. ಹೊಸೂರಿನ ಹತ್ತಿರದವರು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. ಅವರ ಹೆಸರಿನ ಬಡಾವಣೆ ಮುಂದೆ ಡಾ. ರಾಜ್‌ಕುಮಾರ್ ಅಭಿಮಾನಿಗಳ ಬೀಡಾಯಿತು. ಇಲ್ಲಿನ ಮುಖ್ಯರಸ್ತೆಗೆ ರಾಜ್‌ಕುಮಾರ್ ಹೆಸರು. ಅವರ ಸಮಾಧಿ ಇರುವ ಕಂಠೀರವ ಸ್ಟುಡಿಯೊ ಕೂಡ ಇದೇ ದಿಕ್ಕಿನಲ್ಲಿ. ಮೈಸೂರು ಸ್ಯಾಂಡಲ್ ಸೋಪಿನ ಸರ್ಕಾರಿ ಕಾರ್ಖಾನೆ 1957ರಲ್ಲಿ ಇತ್ತ ಬಂತು. ಕಾರ್ಮಿಕರಿಗೆ ಇಎಸ್‌ಐ ಆಸ್ಪತ್ರೆ ಆಯಿತು. ಮಲ್ಲೇಶ್ವರದವರು ಹಳಿ ಆಚೆಯಿಂದ ನಮ್ಮನ್ನು ಸ್ವಲ್ಪ ಕೆಳಗೆ ಕಾಣುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವರ ರಸ್ತೆಗಳಲ್ಲಿ ಮರಗಳಿದ್ದವು, ನಮ್ಮ ರಸ್ತೆಗಳಲ್ಲಿ ಲೇತ್ ಮಷಿನ್ ಸದ್ದು.

ಅಪ್ಪ ಕುಣಿಗಲ್ ಕಡೆಯವರು, ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಟರ್ನರ್. ಕುಣಿಗಲ್‌ನವರು ಜಯನಗರಕ್ಕೆ ಹೋಗಿ ನೆಲೆಸಿದ್ದು ಕಡಿಮೆ. ಯಾವ ರಸ್ತೆಯಿಂದ ಬೆಂಗಳೂರಿಗೆ ಬಂದರೋ ಆ ರಸ್ತೆಯ ಬಾಯಲ್ಲೇ ಬಾಡಿಗೆ ಮನೆ ಹುಡುಕುವುದು ಆಗಿನ ರೂಢಿ: ಊರಿಂದ ಯಾರಾದರೂ ಅಕ್ಕಿ, ರಾಗಿ ತಂದರೆ ಬಸ್ಸಿಂದ ಇಳಿದು ಮನೆಗೆ ನಡೆದು ಬರುವಷ್ಟು ಹತ್ತಿರ ಇರಬೇಕು. ಮಾಗಡಿ, ಕುಣಿಗಲ್, ನಾಗಮಂಗಲದವರು ಮಾಗಡಿ ರಸ್ತೆಯ ಎರಡೂ ಬದಿ. ಮಂಡ್ಯ, ಚನ್ನಪಟ್ಟಣದವರು ಮೈಸೂರು ರಸ್ತೆಯ ಆಸುಪಾಸು. ತುಮಕೂರು, ಚಿತ್ರದುರ್ಗ, ಅದರಾಚೆಯ ಬಯಲುಸೀಮೆಯವರು ಯಶವಂತಪುರ, ಪೀಣ್ಯದ ಕಡೆ. ಪಶ್ಚಿಮ ಬೆಂಗಳೂರು ಇಷ್ಟು ಕನ್ನಡವಾಗಿ ಉಳಿದದ್ದಕ್ಕೆ ಅಭಿಮಾನದ ಕಾರಣ ಹೇಳುವವರು ಬಹಳ ಇದ್ದಾರೆ. ನನಗೆ ಕಾಣುವ ಕಾರಣ ಬಸ್ಸಿನ ಮಾರ್ಗ.

ನಾವಿದ್ದದ್ದು ಬಸವೇಶ್ವರನಗರದ ಅಂಚಿನ ಕಮಲಾನಗರದಲ್ಲಿ, ಶೀಟು ಹೊದಿಸಿದ ವಠಾರದಲ್ಲಿ. ಎಂಬತ್ತರ ದಶಕದ ಮೊದಲ ವರ್ಷಗಳು. ಇಡೀ ವಠಾರಕ್ಕೆ ಒಂದು ಕೊಳಾಯಿ, ಎರಡು ಕಕ್ಕಸು. ಸೀಮೆಎಣ್ಣೆಗೆ ಕ್ಯೂ, ಸಕ್ಕರೆಗೆ ಕ್ಯೂ, ಸಂಜೆಯ ಬಿಟಿಎಸ್ ಬಸ್ಸಿನ ಬಾಗಿಲಲ್ಲಿ ನೇತಾಡುವ ಜನ. ಆ ಕಾಲದ ಬಡಾವಣೆ ಜೀವನವನ್ನು ಈಗ ಬಣ್ಣಿಸುವವರು ಅಂಗಳ, ರಂಗೋಲಿ, ಅಕ್ಕಪಕ್ಕದವರ ಪ್ರೀತಿ ಎಲ್ಲ ಹೇಳಿ ಕಕ್ಕಸಿನ ವಿಷಯಕ್ಕೆ ಬರುವ ಹೊತ್ತಿಗೆ ಮೌನವಾಗುತ್ತಾರೆ. ಅಕ್ಕಪಕ್ಕದವರು ಹತ್ತಿರ ಇದ್ದದ್ದು ನಿಜ. ಗೋಡೆ ಅಷ್ಟು ತೆಳ್ಳಗಿತ್ತು.

ದೊಡ್ಡಮ್ಮನ ಮನೆ ದಾವಣಗೆರೆಯಲ್ಲಿ. ದೊಡ್ಡಪ್ಪ ಅಲ್ಲಿನ ಹತ್ತಿ ಗಿರಣಿಯಲ್ಲಿದ್ದರು. ಬೇಸಿಗೆ ರಜಕ್ಕೆ ಹೋದರೆ ನನಗೆ ಊರು ಬದಲಾದ ಹಾಗೆ ಅನ್ನಿಸುತ್ತಲೇ ಇರಲಿಲ್ಲ. ಇಲ್ಲಿ ಬಿನ್ನಿ ಮಿಲ್ಲಿನ ಸೈರನ್ನು, ಅಲ್ಲಿ ಕಾಟನ್ ಮಿಲ್ಲಿನ ಸೈರನ್ನು. ಎರಡೂ ಕಡೆ ಗೋಡೆ ಗಡಿಯಾರ ಇದ್ದವರೂ ಸೈರನ್ ಕೇಳಿ ಮುಳ್ಳು ತಿರುಗಿಸಿಕೊಳ್ಳುತ್ತಿದ್ದರು. ಎರಡೂ ಕಡೆ ಸಂಬಳದ ವಾರ ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕ ತೀರಿಸುವ ವಾರ. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಿನ ಪಿ.ಜೆ. ಬಡಾವಣೆಯಲ್ಲಿ ವಕೀಲರು, ಡಾಕ್ಟರು, ಗಿರಣಿಯ ದೊಡ್ಡವರು. ಗಿರಣಿಯಲ್ಲಿ ದುಡಿಯುವವರು ಹಳೇ ಪೇಟೆಯ ಹಿಂದಿನ ಸಾಲುಮನೆಗಳಲ್ಲಿ. ನಮ್ಮಲ್ಲಿ ಮಲ್ಲೇಶ್ವರ, ರಾಜಾಜಿನಗರ ಹೇಗೋ ಹಾಗೆ.

ವ್ಯತ್ಯಾಸ ಶುರುವಾದದ್ದು ಗಿರಣಿಗಳು ನಿಂತ ಮೇಲೆ. ನಾನು ದಾವಣಗೆರೆ ಶಾಖೆಗೆ ಹೋದಾಗ ಸೈರನ್ ನಿಂತು ಕೆಲವು ವರ್ಷ ಆಗಿತ್ತು. ಗಿರಣಿ ಹೋದ ಮೇಲೆ ಆ ಊರು ಕಾಲೇಜು ಹಿಡಿಯಿತು. ವೈದ್ಯಕೀಯ, ಎಂಜಿನಿಯರಿಂಗ್, ದಂತವೈದ್ಯಕೀಯ, ಹೀಗೆ. ಎಂ.ಸಿ.ಸಿ. ಬ್ಲಾಕುಗಳು, ವಿದ್ಯಾನಗರದಂಥ ಬಡಾವಣೆಗಳೆಲ್ಲ ಬೆಳೆದದ್ದು ಆ ಕಾಲೇಜುಗಳ ದುಡ್ಡಿನಿಂದ. ದೊಡ್ಡಪ್ಪನಂಥವರಿಗೆ ಅದರಿಂದ ಏನೂ ಆಗಲಿಲ್ಲ, ಆದರೆ ಅವರ ಮಗ ಹಾಸ್ಟೆಲ್ ಹುಡುಗರಿಗೆ ಊಟದ ಮೆಸ್ ನಡೆಸಿ ಸ್ವಂತ ಮನೆ ಕಟ್ಟಿದ. ಸಾಲದ ಕಾಗದಕ್ಕೆ ನಾನು ರುಜು ಹಾಕುವಂತಿರಲಿಲ್ಲ, ನೆಂಟ ಅಂತ. ಪಕ್ಕದ ಟೇಬಲ್ಲಿನವರು ಹಾಕಿದರು. ಇತ್ತ ಬೆಂಗಳೂರಿನಲ್ಲಿ 1884ರಷ್ಟು ಹಳೆಯ ಬಿನ್ನಿ ಮಿಲ್ಲಿನ ಜಾಗದಲ್ಲಿ ಅಪಾರ್ಟ್‌ಮೆಂಟು ಮತ್ತು ಮಾಲ್ ಎದ್ದವು. ರಾಜಾಜಿನಗರದ ತುದಿಯಲ್ಲಿ ಕಿರ್ಲೋಸ್ಕರ್ ಕಾರ್ಖಾನೆಯ ನೆಲದ ಮೇಲೆ ಒರಾಯನ್ ಮಾಲ್, ವರ್ಲ್ಡ್ ಟ್ರೇಡ್ ಸೆಂಟರ್ ನಿಂತಿವೆ. ಕಾರ್ಖಾನೆಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದವರ ಮೊಮ್ಮಕ್ಕಳು ಅದೇ ಜಾಗಕ್ಕೆ ಪಾರ್ಕಿಂಗ್ ದುಡ್ಡು ಕೊಟ್ಟು ಹೋಗುತ್ತಾರೆ. ಇದನ್ನು ಅವನತಿ ಅನ್ನಬೇಕೋ ಪ್ರಗತಿ ಅನ್ನಬೇಕೋ ಎಂದು ಕೇಳಿದರೆ, ಅಪ್ಪನಿಗೆ ಕಬ್ಬಿಣದ ಪುಡಿಯಿಂದ ಬಂದ ಕೆಮ್ಮು ಸಾಯುವವರೆಗೂ ಬಿಡಲಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ ಅನ್ನುತ್ತೇನೆ.

ಆದರೆ ಒಂದು ಮಾತು. ದುಡಿಮೆ ಇಲ್ಲಿಂದ ಹೋಗಲಿಲ್ಲ, ಕಣ್ಣಿಗೆ ಬೀಳದ ಕಡೆ ಸರಿಯಿತು. ಕಾಮಾಕ್ಷಿಪಾಳ್ಯದ ಗಲ್ಲಿಗಳಲ್ಲಿ ಮೋಲ್ಡಿಂಗ್, ಪ್ಲೇಟಿಂಗ್ ಶೆಡ್ಡುಗಳು ಈಗಲೂ ಇವೆ. ಲಗ್ಗೆರೆ, ಪೀಣ್ಯ, ಮೈಸೂರು ರಸ್ತೆಯ ಗಾರ್ಮೆಂಟ್ಸುಗಳಿಗೆ ಬೆಳಿಗ್ಗೆ ಹೆಣ್ಣುಮಕ್ಕಳು ಗುಂಪುಗುಂಪಾಗಿ ಡಬ್ಬಿ ಹಿಡಿದು ನಡೆಯುತ್ತಾರೆ. ಅಪ್ಪನ ಕಾಲದ ಕಾರ್ಖಾನೆಯಲ್ಲಿ ಯೂನಿಯನ್ ಇತ್ತು, ಬೋನಸ್ಸಿಗೆ ಗಲಾಟೆ ಇತ್ತು, ಕ್ವಾರ್ಟರ್ಸ್ ಕನಸು ಇತ್ತು. ಈ ಹೆಣ್ಣುಮಕ್ಕಳಿಗೆ ಅದರಲ್ಲಿ ಬಹುಪಾಲು ಇಲ್ಲ.

ಪೇಟೆಗೆ ಬೇಡವಾದದ್ದನ್ನು ಎಲ್ಲ ಊರೂ ಬಡಾವಣೆಯ ಕಡೆ ತಳ್ಳುತ್ತದೆ. ಬೆಂಗಳೂರು ತಳ್ಳಿದ್ದು ಪಶ್ಚಿಮಕ್ಕೆ. ಕುಷ್ಠರೋಗಿಗಳ ಆಸ್ಪತ್ರೆ ಮಾಗಡಿ ರಸ್ತೆಯಲ್ಲಿ. ಭಿಕ್ಷುಕರನ್ನು ಹಿಡಿದು ತಂದಿಡುವ ನಿರಾಶ್ರಿತರ ಪರಿಹಾರ ಕೇಂದ್ರ ಮಾಗಡಿ ರಸ್ತೆಯಲ್ಲಿ. ಚಿಕ್ಕಂದಿನಲ್ಲಿ ಹಠ ಮಾಡಿದರೆ ಅಲ್ಲಿಗೆ ಬಿಟ್ಟುಬರುವುದಾಗಿ ಹೆದರಿಸುತ್ತಿದ್ದರು. 2010ರ ಆಗಸ್ಟ್‌ನಲ್ಲಿ ಆ ಕೇಂದ್ರದಲ್ಲಿ ಒಂದರ ಮೇಲೊಂದು ಸಾವುಗಳಾದಾಗ ಊರಿಗೆಲ್ಲ ಸುದ್ದಿಯಾಯಿತು. ಅಂಥದೊಂದು ಜಾಗ ಇದೆ ಅಂತ ಪೂರ್ವದ ಬಡಾವಣೆಗಳ ಎಷ್ಟೋ ಜನಕ್ಕೆ ಗೊತ್ತಾದದ್ದೇ ಆಗ. ಇನ್ನು ವೃಷಭಾವತಿ. ಬಸವನಗುಡಿಯ ಕಡೆ ಹುಟ್ಟಿ ಮೈಸೂರು ರಸ್ತೆಯ ಪಕ್ಕದಲ್ಲೇ ಕೆಂಗೇರಿ ದಾಟಿ, ಬೈರಮಂಗಲದ ಕೆರೆಯ ಮೂಲಕ ಅರ್ಕಾವತಿಯನ್ನು ಸೇರುವ ನದಿ. ಅದನ್ನು ನದಿ ಅಂತ ಕರೆದವರನ್ನು ನಾನು ಪಾಠದ ಪುಸ್ತಕದ ಹೊರಗೆ ನೋಡಿಲ್ಲ, ಎಲ್ಲರ ಬಾಯಲ್ಲೂ ಕೆಂಗೇರಿ ಮೋರಿ. ಬಸ್ಸು ನಾಯಂಡಹಳ್ಳಿ ಹತ್ತಿರ ಬಂದರೆ ಹೆಂಗಸರು ಸೆರಗನ್ನು ಮೂಗಿಗೆ ಹಿಡಿಯುತ್ತಿದ್ದರು. ಈಗ ಮೆಟ್ರೊ ಬೋಗಿಯ ಗಾಜು ಮುಚ್ಚಿರುತ್ತದೆ, ಹಾಗಾಗಿ ವಾಸನೆ ಬರುವುದಿಲ್ಲ. ನೀರು ಸರಿಹೋಗಿದೆ ಅಂತ ತಿಳಿದುಕೊಂಡವರು ನಾಯಂಡಹಳ್ಳಿಯಲ್ಲಿ ಇಳಿದು ನೋಡಬಹುದು.

ಮೈಸೂರಿಗೆ ವರ್ಗವಾಗಿ ಹೋದ ಹೊಸದರಲ್ಲಿ, ಅರಮನೆ ಊರಲ್ಲಿ ಇಂಥದ್ದೇನೂ ಇರಲಾರದು ಅಂತ ಮನೆಯಲ್ಲಿ ಎಲ್ಲರಿಗೂ ಸಮಾಧಾನ. ವಿದ್ಯಾರಣ್ಯಪುರಂ ಕಡೆ ಗಾಳಿ ಬೀಸಿದ ದಿನ ಉತ್ತರ ಸಿಕ್ಕಿತು. ಅಲ್ಲಿನ ಸೂಯೇಜ್ ಫಾರಂನಲ್ಲಿ ಕಸದ ಗುಡ್ಡ ಇತ್ತು. ದಸರೆಗೆ ಬಂದವರಿಗೆ ಅದನ್ನು ಯಾರೂ ತೋರಿಸುವುದಿಲ್ಲ, ತೋರಿಸಲೂ ಬೇಕಿಲ್ಲ; ಆದರೆ ಸ್ವಚ್ಛನಗರಿ ಅಂತ ಎದೆ ತಟ್ಟಿಕೊಳ್ಳುವಾಗ ಆ ಸುತ್ತಲಿನ ಮನೆಯವರನ್ನೂ ಒಂದು ಮಾತು ಕೇಳಬೇಕು.

ನೀರಿನ ವಿಷಯ. ನಮ್ಮ ಪಶ್ಚಿಮಕ್ಕೆ ನೀರು ಬರುತ್ತಿದ್ದುದು ತಿಪ್ಪಗೊಂಡನಹಳ್ಳಿಯಿಂದ, ಅರ್ಕಾವತಿಗೆ 1933ರಲ್ಲಿ ಕಟ್ಟಿದ ಜಲಾಶಯ. ಬೇಸಿಗೆಯಲ್ಲಿ ದಿನ ಬಿಟ್ಟು ದಿನ, ಅದೂ ರಾತ್ರಿ. ಅಮ್ಮ ಕೊಳಾಯಿಯ ಕೆಳಗೆ ಬಿಂದಿಗೆ ಇಟ್ಟು ಮಲಗುತ್ತಿದ್ದಳು, ಹನಿ ಬಿದ್ದ ಸದ್ದಿಗೆ ಎಚ್ಚರ ಆಗಲಿ ಅಂತ. ಮೇಲಿನ ಊರುಗಳ ಕೊಳಕು ಹರಿದು ಅರ್ಕಾವತಿ ಕೆಟ್ಟಿತು, ಹರಿವೂ ಬತ್ತಿತು, ಊರು ಪೂರ್ತಿ ಕಾವೇರಿಯನ್ನು ನಂಬಿಕೊಂಡಿತು. ಹುಬ್ಬಳ್ಳಿಯಲ್ಲಿ ನಾನು ಕಂಡದ್ದು ಇದಕ್ಕಿಂತ ವಿಚಿತ್ರ. 2008ರ ಸುಮಾರಿಗೆ ಅಲ್ಲಿನ ಕೆಲವು ವಾರ್ಡುಗಳಿಗೆ ದಿನದ ಇಪ್ಪತ್ನಾಲ್ಕು ಗಂಟೆಯೂ ನೀರು ಕೊಡುವ ಯೋಜನೆ ಬಂತು. ದೇಶದಲ್ಲೆಲ್ಲ ಅದರ ಹೊಗಳಿಕೆ. ಯೋಜನೆಯ ಗೆರೆಯ ಈಚೆಗಿದ್ದ ಓಣಿಗಳಿಗೆ ವಾರಕ್ಕೊಮ್ಮೆ. ನಮ್ಮ ಬಾಡಿಗೆ ಮನೆ ಗೆರೆಯ ಈಚೆ ಇತ್ತು. ಗೆರೆಯ ಆಚೆ ಬಾಡಿಗೆ ಜಾಸ್ತಿ, ಮತ್ತು ಅಲ್ಲಿ ಹೆಣ್ಣು ಕೊಡಲು ಸಂಬಂಧ ಹುಡುಕುವವರೂ ಜಾಸ್ತಿ! ಪಕ್ಕದ ಮನೆಯ ಅವ್ವ ಇದನ್ನು ನಗುತ್ತಲೇ ಹೇಳಿದರು. ‘ನಳಾ ನೋಡಿ ಮಗಳನ್ನ ಕೊಡ್ತಾರ ನೋಡ್ರಿ ಈಗ.’

ಹುಬ್ಬಳ್ಳಿ–ಧಾರವಾಡಕ್ಕೂ ಬೆಂಗಳೂರಿನ ಪಶ್ಚಿಮಕ್ಕೂ ನನಗೆ ಕಂಡ ಅಸಲಿ ನಂಟು ಪುಸ್ತಕದ್ದು. ಧಾರವಾಡದ ಸಪ್ತಾಪುರಕ್ಕೆ ಹೋದವರಿಗೆ ಗೊತ್ತು: ಬೀದಿಗೆ ನಾಲ್ಕು ಕೋಚಿಂಗ್ ಸೆಂಟರು, ಓದಲಿಕ್ಕೆ ಬಾಡಿಗೆಗೆ ಕುರ್ಚಿ ಕೊಡುವ ರೀಡಿಂಗ್ ರೂಮು, ಝೆರಾಕ್ಸ್ ಅಂಗಡಿಯಲ್ಲಿ ಪ್ರಚಲಿತ ವಿದ್ಯಮಾನದ ಕಟ್ಟುಗಳು, ಪಿಎಸ್ಐ, ಎಫ್‌ಡಿಎ, ಕೆಎಎಸ್ ಅಂತ ವಯಸ್ಸು ಸವೆಸುವ ಹುಡುಗ ಹುಡುಗಿಯರು. ಬೆಂಗಳೂರಿನಲ್ಲಿ ಇದೇ ದೃಶ್ಯ ಇರುವುದು ವಿಜಯನಗರದಲ್ಲಿ, ಅತ್ತಿಗುಪ್ಪೆ, ಹಂಪಿನಗರ, ಚಂದ್ರಾ ಬಡಾವಣೆಯಲ್ಲಿ. ನಾನು ಹುಡುಗನಾಗಿದ್ದಾಗ ವಿಜಯನಗರ ಅಂದರೆ ಸಾಲಾಗಿ ಎದ್ದ ಹೊಸ ಮನೆಗಳು, ಸರ್ಕಾರಿ ನೌಕರರು, ಮಾರುತಿ ಮಂದಿರ, ಸಂಜೆ ಏಳಕ್ಕೆ ಊಟ ಮುಗಿಸುವ ಜನ. ಹೊರಗೆ ತಿನ್ನಲು ಒಂದೆರಡು ಉಡುಪಿ ಹೋಟೆಲು. ಈಗ ಅಲ್ಲಿ ಜೋಳದ ರೊಟ್ಟಿಯ ಖಾನಾವಳಿಗಳಿವೆ, ಶೇಂಗಾ ಚಟ್ನಿ ಪುಡಿ ಮಾರುವ ಅಂಗಡಿಗಳಿವೆ. ಮೂವತ್ತು–ನಲವತ್ತರ ಸೈಟಿನಲ್ಲಿ ತಾನು ಕೆಳಗಿದ್ದು ಮೇಲೆ ಮೂರು ಅಂತಸ್ತು ಪಿ.ಜಿ. ಮಾಡಿರುವ ನಿವೃತ್ತ ಗುಮಾಸ್ತರಿದ್ದಾರೆ. ಹಂಪಿನಗರದ ಗ್ರಂಥಾಲಯದ ಬಳಿ ಸಿಕ್ಕ ಇಂಡಿ ಕಡೆಯ ಹುಡುಗನೊಬ್ಬನನ್ನು ಬೆಂಗಳೂರು ಹೇಗನ್ನಿಸುತ್ತದೆ ಅಂತ ಕೇಳಿದೆ. ‘ಬೆಂಗಳೂರ ಇನ್ನೂ ನೋಡಿಲ್ರಿ ಸರ. ಇದು ಧಾರವಾಡ ಇದ್ದಂಗ ಐತಿ, ಬಾಡಿಗಿ ಒಂದ್ ಜಾಸ್ತಿ.’ ಮಹಾನಗರದ ಬಗ್ಗೆ ವಿಚಾರ ಸಂಕಿರಣಗಳಲ್ಲಿ ಕೂತು ಕೇಳಿದ್ದಕ್ಕಿಂತ ಈ ಮಾತಿನಲ್ಲಿ ಹೆಚ್ಚು ಸತ್ಯ ಇದೆ.

ಹುಬ್ಬಳ್ಳಿ–ಧಾರವಾಡಕ್ಕೆ 1962ರಿಂದ ಒಂದೇ ಪಾಲಿಕೆ. ನಡುವಿನ ಬಯಲಿನಲ್ಲಿ ನವನಗರ ಕಟ್ಟಿದರು. 2018ರಲ್ಲಿ ಚಿಗರಿ ಎಂಬ ಬಸ್ ಸೇವೆ ಬಂದು ಎರಡೂ ಊರನ್ನು ಸುಮಾರು ಇಪ್ಪತ್ತೆರಡು ಕಿಲೋಮೀಟರಿನ ಪ್ರತ್ಯೇಕ ಮಾರ್ಗದಿಂದ ಹೊಲಿಯಿತು. ಹೊಲಿಗೆ ಮುಗಿಯುವ ಹೊತ್ತಿಗೆ ಧಾರವಾಡದವರ ಬೇಸರ ತುದಿಗೆ ಬಂದಿತ್ತು: ದುಡ್ಡೆಲ್ಲ ಹುಬ್ಬಳ್ಳಿಯ ಪೇಟೆಗೆ ಹೋಗುತ್ತದೆ, ನಮ್ಮ ಓಣಿಗೆ ಬರುವುದಿಲ್ಲ. 2025ರ ಜನವರಿಯಲ್ಲಿ ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು ಸಚಿವ ಸಂಪುಟ ಒಪ್ಪಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬೆಂಗಳೂರನ್ನೂ ಐದು ಪಾಲು ಮಾಡಿದರು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳು ಈಗ ಬೆಂಗಳೂರು ಪಶ್ಚಿಮ ನಗರ ಪಾಲಿಕೆಯ ಊರುಗಳು. 2011ರ ಜನಗಣತಿಯಲ್ಲಿ ಬೃಹತ್ ಬೆಂಗಳೂರಿನ ಜನ 84 ಲಕ್ಷ. ಐದರಲ್ಲಿ ಒಂದು ಪಾಲು ಅಂದರೂ ಹದಿನೇಳು ಲಕ್ಷದ ಹತ್ತಿರ. ಆಗಿನ ಮೈಸೂರು ಸುಮಾರು 9 ಲಕ್ಷ, ಹುಬ್ಬಳ್ಳಿ–ಧಾರವಾಡ ಎರಡೂ ಸೇರಿ 9.4 ಲಕ್ಷ, ದಾವಣಗೆರೆ 4.3 ಲಕ್ಷ. ಲೆಕ್ಕದ ಪ್ರಕಾರ ನಾನು ಬೆಳೆದ ಬಡಾವಣೆಗಳು ನಾನು ಕೆಲಸ ಮಾಡಿದ ಊರುಗಳಿಗಿಂತ ದೊಡ್ಡ ಊರು. ಮೆಜೆಸ್ಟಿಕ್ಕಿನ ಬಾಲ ಅಂತ ಇನ್ನು ಕರೆಯುವ ಹಾಗಿಲ್ಲ.

ಬಾಲ ಅಲ್ಲ ಅನ್ನುವುದು ಓಡಾಟದಲ್ಲೂ ಕಾಣುತ್ತದೆ. ಆಗ ಮದುವೆಗೆ ಸೀರೆ ಬೇಕಾದರೆ ಚಿಕ್ಕಪೇಟೆ, ಪಾತ್ರೆಗೂ ಚಿಕ್ಕಪೇಟೆ, ಶಾಲೆಯ ಪುಸ್ತಕಕ್ಕೆ ಅವೆನ್ಯೂ ರಸ್ತೆ, ದೊಡ್ಡ ಸಿನಿಮಾಕ್ಕೆ ಕೆಂಪೇಗೌಡ ರಸ್ತೆ. ನವರಂಗ್, ಪ್ರಸನ್ನ, ವೀರೇಶ್ ಚಿತ್ರಮಂದಿರಗಳು ನಮಗೆ ಹತ್ತಿರ ಇದ್ದರೂ ಅಪ್ಪನ ಲೆಕ್ಕದಲ್ಲಿ ಮೆಜೆಸ್ಟಿಕ್ಕಿನಲ್ಲಿ ನೋಡಿದ್ದೇ ಸಿನಿಮಾ. ಈಗ ವಿಜಯನಗರದಲ್ಲಿ ನೆಲದಡಿಯಲ್ಲಿ ಹವಾನಿಯಂತ್ರಿತ ಪಾಲಿಕೆ ಬಜಾರ್ ಇದೆ. ಕಮಲಾನಗರದ ಹೆಂಗಸರು ಚಿಕ್ಕಪೇಟೆಗೆ ಹೋಗುವುದು ವರ್ಷಕ್ಕೊಮ್ಮೆ, ಅದೂ ಮನಸ್ಸಿದ್ದರೆ. ಮೆಟ್ರೊ ಬಂದ ಬಗೆಯೂ ತಮಾಷೆಯದೇ: 2015ರ ನವೆಂಬರ್‌ನಲ್ಲಿ ಮೈಸೂರು ರಸ್ತೆಯಿಂದ ಮಾಗಡಿ ರಸ್ತೆವರೆಗೆ ರೈಲು ಬಿಟ್ಟರು, ಮುಂದೆ ಮೆಜೆಸ್ಟಿಕ್‌ಗೆ ಸುರಂಗ ತೆರೆದದ್ದು 2016ರ ಏಪ್ರಿಲ್ ಕೊನೆಯಲ್ಲಿ. ನಡುವಿನ ತಿಂಗಳುಗಳಲ್ಲಿ ಪಶ್ಚಿಮದ ರೈಲು ಪಶ್ಚಿಮದಲ್ಲೇ ಓಡಾಡಿಕೊಂಡಿತ್ತು. ಯಾರಿಗೂ ಉಪಯೋಗ ಇಲ್ಲ ಅಂತ ಪತ್ರಿಕೆಗಳು ಬರೆದವು. ನಾನು ಹತ್ತಿದ ದಿನ ವಿಜಯನಗರದಿಂದ ಅತ್ತಿಗುಪ್ಪೆಗೆ ಸೊಸೆಯ ಮನೆಗೆ ಹೊರಟ ಅಜ್ಜಿಯರಿಂದ ಬೋಗಿ ತುಂಬಿತ್ತು. 2024ರ ಆಗಸ್ಟ್‌ನಲ್ಲಿ ಕೇಂದ್ರ ಒಪ್ಪಿದ ಮೂರನೇ ಹಂತದಲ್ಲಿ ಜೆ.ಪಿ. ನಗರದಿಂದ ಕೆಂಪಾಪುರಕ್ಕೆ ಪಶ್ಚಿಮದ ಹೊರವರ್ತುಲ ರಸ್ತೆಯ ಮೇಲೆ ಒಂದು ಮಾರ್ಗ, ಹೊಸಹಳ್ಳಿಯಿಂದ ಮಾಗಡಿ ರಸ್ತೆಗುಂಟ ಕಡಬಗೆರೆಗೆ ಇನ್ನೊಂದು. ಎರಡೂ ಮೆಜೆಸ್ಟಿಕ್ಕಿಗೆ ಹೋಗುವುದಿಲ್ಲ. ನಕ್ಷೆ ನೋಡಿದಾಗ ಮೆಜೆಸ್ಟಿಕ್ಕಿನ ಮೇಲಿದ್ದ ಹಳೆಯ ಸಿಟ್ಟು ಸ್ವಲ್ಪ ತಣ್ಣಗಾಯಿತು.

ಹೀಗೆಂದು ಪಶ್ಚಿಮದ ಸ್ವಭಾವ ಗಟ್ಟಿಯಾಗಿ ಉಳಿದಿದೆ ಅಂತ ಹೇಳಲಾರೆ. 2024ರ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲೊಂದರಲ್ಲಿ, ಮಗನ ಜೊತೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆ ಅಂತ ಒಳಗೆ ಬಿಡಲಿಲ್ಲ. ಗಲಾಟೆಯಾಯಿತು, ಮಾಲ್‌ನವರು ಕ್ಷಮೆ ಕೇಳಿದರು, ಸರ್ಕಾರ ಕೆಲವು ದಿನ ಬಾಗಿಲು ಹಾಕಿಸಿತು. ಎಂ.ಜಿ. ರಸ್ತೆಯಲ್ಲಿ ಹೀಗಾಗಿದ್ದರೆ ನನಗೆ ಆಶ್ಚರ್ಯವಾಗುತ್ತಿರಲಿಲ್ಲ. ಪಂಚೆಯವರೇ ಕಟ್ಟಿದ ರಸ್ತೆಯಲ್ಲಿ ಆಯಿತು. ಬಾಗಿಲಲ್ಲಿ ನಿಂತು ತಡೆದ ಸೆಕ್ಯುರಿಟಿಯವನ ಮನೆಯಲ್ಲೂ ಯಾರೋ ಪಂಚೆ ಉಡುವವರು ಇದ್ದೇ ಇರುತ್ತಾರೆ; ಅವನಿಗೆ ಹಾಗೆ ಹೇಳಿಕೊಟ್ಟವರು ಬೇರೆ.

ಕೆಂಗೇರಿಯ ಮಾತು ಕೊನೆಗೆ ಉಳಿಸಿಕೊಂಡೆ, ಮೈಸೂರಿನ ಜೊತೆ ಹೇಳುವುದಕ್ಕೆ. ನಾನು ಚಿಕ್ಕವನಿದ್ದಾಗ ಕೆಂಗೇರಿ ಬೆಂಗಳೂರೇ ಅಲ್ಲ. ಮೈಸೂರಿನ ಮೀಟರ್‌ಗೇಜ್ ರೈಲು ನಿಲ್ಲುವ ಬೇರೆ ಊರು, ಅದಕ್ಕೆ ಅದರದೇ ಪುರಸಭೆ. ಉಪನಗರ ಕಟ್ಟಿದ ಮೇಲೂ ‘ಅಷ್ಟು ದೂರ ಯಾರು ಹೋಗ್ತಾರಪ್ಪ’ ಅನ್ನುವ ಜಾಗ. ನೆಂಟರೊಬ್ಬರು ಅಲ್ಲಿ ಸೈಟು ಕೊಂಡಾಗ ಮನೆಯವರೆಲ್ಲ ಅವರ ಬುದ್ಧಿಗೆ ಮರುಗಿದರು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆದಾಗ ಏಳು ನಗರಸಭೆಗಳು, ನೂರಾಹತ್ತು ಹಳ್ಳಿಗಳ ಜೊತೆ ಒಳಗೆ ಬಂದ ಒಂದೇ ಒಂದು ಪುರಸಭೆ ಕೆಂಗೇರಿ. 2021ರ ಆಗಸ್ಟ್‌ನಲ್ಲಿ ಮೆಟ್ರೊ, 2023ರ ಮಾರ್ಚ್‌ನಲ್ಲಿ ಮೈಸೂರಿನ ಹೆದ್ದಾರಿ. ಪುರಸಭೆಯ ಕಾಲದಲ್ಲಿ ಹಾಕಿದ ಕಿರಿದಾದ ರಸ್ತೆಗಳ ಇಕ್ಕೆಲಗಳಲ್ಲಿ ಈಗ ಹತ್ತಾರು ಅಂತಸ್ತಿನ ಕಟ್ಟಡಗಳಿವೆ. ಒಳಚರಂಡಿಯನ್ನು ಆಮೇಲೆ ಯೋಚಿಸಿದರು.

ಮೈಸೂರು ಶಾಖೆಯಲ್ಲಿ ಸಾಲದ ಟೇಬಲ್ಲು ನನ್ನದು. ಕುವೆಂಪುನಗರ, ಸರಸ್ವತಿಪುರಂ ಕಡೆಯ ಕಾಗದಗಳು ಬಂದರೆ ಕೆಲಸ ಸಲೀಸು. ಟ್ರಸ್ಟ್ ಬೋರ್ಡು, ಮುಡಾ ಹಾಕಿದ ಬಡಾವಣೆಗಳು. ರಸ್ತೆಯ ಅಗಲ, ಪಾರ್ಕು, ಖಾತೆ ಎಲ್ಲ ನೇರ. ಇಪ್ಪತ್ತನೇ ಶತಮಾನದ ಆರಂಭದಲ್ಲೇ ನಗರಾಭಿವೃದ್ಧಿಗೆ ಟ್ರಸ್ಟ್ ಬೋರ್ಡು ಮಾಡಿಕೊಂಡ ಊರು ಅದು, ಬೆಂಗಳೂರಿಗೆ ಅಂಥದ್ದು ಬಂದದ್ದು 1945ರಲ್ಲಿ. ಬೋಗಾದಿ, ಹೂಟಗಳ್ಳಿ, ಶ್ರೀರಾಂಪುರ ಕಡೆಯ ಕಾಗದ ಬಂದರೆ ಶುರು ತಲೆನೋವು. ಗ್ರಾಮ ಪಂಚಾಯಿತಿಯ ಫಾರಂ 9, ಫಾರಂ 11. ಕನ್ವರ್ಷನ್ ಆಗಿದೆಯೋ ಇಲ್ಲವೋ. ಪಾರ್ಕಿಗೆ ಬಿಟ್ಟ ಜಾಗದಲ್ಲಿ ಸೈಟು ನಂಬರ್ ಹಾಕಿದ್ದಾರೋ ಏನೋ. ಮುಂದೆ ಹೂಟಗಳ್ಳಿ ನಗರಸಭೆ ಆಯಿತು, ಬೋಗಾದಿ, ಶ್ರೀರಾಂಪುರ ಪಟ್ಟಣ ಪಂಚಾಯಿತಿಗಳಾದವು. ಕಾಗದದ ಮೇಲಿನ ಮೊಹರು ಬದಲಾಯಿತು, ರಸ್ತೆಯ ಅಗಲ ಅಷ್ಟೇ ಉಳಿಯಿತು. ಇವತ್ತಿನ ಬೋಗಾದಿ 2000ದ ಕೆಂಗೇರಿ. ಮೈಸೂರಿನ ಗೆಳೆಯರಿಗೆ ಇದನ್ನು ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ. ‘ನಮ್ಮೂರು ಬೆಂಗಳೂರಾಗಲ್ಲ ಬಿಡಿ’ ಅನ್ನುತ್ತಾರೆ, ದೇವರಾಜ ಮಾರುಕಟ್ಟೆ ಕೆಡವಬೇಕೋ ಉಳಿಸಬೇಕೋ ಅನ್ನುವ ಚರ್ಚೆಗೆ ಮರಳುತ್ತಾರೆ. ಆ ಚರ್ಚೆ ಬೇಕಾದದ್ದೇ. ಅದು ನಡೆಯುವಾಗ ಹೊರವರ್ತುಲ ರಸ್ತೆಯ ಆಚೆ ಕೆರೆಯ ಕೋಡಿಗೆ ಮಣ್ಣು ತುಂಬುತ್ತಿರುವುದನ್ನು ನೋಡುವವರು ಯಾರೂ ಇರುವುದಿಲ್ಲ.

ನನ್ನ ತೀರ್ಮಾನ ಸರಳ. ಪಶ್ಚಿಮ ಬೆಂಗಳೂರು ನಲವತ್ತು ವರ್ಷದಲ್ಲಿ ಎರಡು ಒಳ್ಳೆಯದನ್ನು ಮಾಡಿಕೊಂಡಿತು: ಮನೆಮನೆಗೆ ಕಕ್ಕಸು ಮತ್ತು ಮೆಜೆಸ್ಟಿಕ್ಕಿನಿಂದ ಬಿಡುಗಡೆ. ವೃಷಭಾವತಿಯನ್ನು ಕೆಟ್ಟ ಹಾಗೆಯೇ ಬಿಟ್ಟಿತು. ರಾಜಾಜಿನಗರದಂತೆ ಮೊದಲು ಗೆರೆ ಎಳೆದು ಆಮೇಲೆ ಮನೆ ಕಟ್ಟಿದ ಕಡೆ ಇವತ್ತಿಗೂ ಆಂಬುಲೆನ್ಸ್ ನುಗ್ಗುತ್ತದೆ. ಮೊದಲು ಮನೆ ಕಟ್ಟಿ ಆಮೇಲೆ ಗೆರೆ ಹುಡುಕಿದ ಕಂದಾಯ ಸೈಟುಗಳ ಕಡೆ ನುಗ್ಗುವುದಿಲ್ಲ. ಬಿಡಿಎ 2016ರಿಂದ ಸೈಟು ಹಂಚತೊಡಗಿದ ನಾಡಪ್ರಭು ಕೆಂಪೇಗೌಡ ಬಡಾವಣೆ ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವೆ ಹಬ್ಬಿದೆ. ಅಲ್ಲಿ ಗೆರೆ ಇದೆ, ನೀರು ಚರಂಡಿಗಾಗಿ ಸೈಟಿನವರು ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆದಿದ್ದಾರೆ.

ಮೈಸೂರಿನ ಬೋಗಾದಿ ಆಚೆಯೋ, ಹುಬ್ಬಳ್ಳಿಯ ಗೋಕುಲ ರಸ್ತೆಯ ಆಚೆಯೋ, ದಾವಣಗೆರೆಯ ಬೈಪಾಸಿನ ಪಕ್ಕದಲ್ಲೋ ಸೈಟು ನೋಡಲು ಹೊರಟವರಿಗೆ ಸಾಲದ ಟೇಬಲ್ಲಿನ ಹಿಂದೆ ಕೂತವನ ಒಂದು ಮಾತು: ಏಜೆಂಟರ ಕಾರಿನಲ್ಲಿ ಬೇಸಿಗೆಯ ಭಾನುವಾರ ಹೋಗಬೇಡಿ. ದೊಡ್ಡ ಮಳೆ ಬಂದ ಮಾರನೇ ದಿನ ಬಸ್ಸಿನಲ್ಲಿ ಹೋಗಿ. ಸೈಟು ಆಮೇಲೆ ನೋಡಿದರಾಯಿತು, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಯಿತು ಅಂತ ಮೊದಲು ಕೇಳಿ.